ಒಂದೇ ಎಂಜಿನ್, ಹಲವು ಕಾರು: 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಳೆತ ಕಳೆದುಕೊಂಡಾಗ ದೋಷ ಪತ್ತೆಹಚ್ಚುವ ಬಗೆ

ಕಳೆದ ಬೇಸಿಗೆಯಲ್ಲಿ ತುಮಕೂರಿನ ನಮ್ಮ ಗ್ಯಾರೇಜಿಗೆ ಶಿರಾ ಕಡೆಯ ಒಂದು ಟ್ಯಾಕ್ಸಿ ಬಂದಿತ್ತು. ಸಮತಟ್ಟಾದ ಹೆದ್ದಾರಿಯಲ್ಲಿ ಓಡುತ್ತದೆ, ಏರು ಬಂದ ಕೂಡಲೇ ಸೋಲುತ್ತದೆ ಎಂಬುದು ಚಾಲಕರ ದೂರು. “ಅಣ್ಣಾ, ನಾಲ್ಕು ಜನ ಕೂತ್ರೆ ದೇವರಾಯನದುರ್ಗ ಹತ್ತಬೇಕಾದ್ರೆ ಎರಡನೇ ಗೇರು ಬಿಟ್ಟು ಮೇಲಕ್ಕೆ ಹೋಗಲ್ಲ, ಹಿಂದೆಲ್ಲಾ ಕಪ್ಪು ಹೊಗೆ” ಎಂದರು. ಅಷ್ಟರಲ್ಲಾಗಲೇ ಅವರು ಬೇರೊಂದು ಕಡೆ ತೋರಿಸಿ, ಅದೇ ಎಂಜಿನ್ ಇರುವ ಬೇರೆ ಕಂಪನಿಯ ಕಾರಿನಿಂದ ಬಿಚ್ಚಿದ ಒಂದು ಇಂಜೆಕ್ಟರನ್ನು (ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ಭಾಗ) ಹಾಕಿಸಿಕೊಂಡಿದ್ದರು. ಮೊದಲಿನ ದೂರು ಹೋಗಿರಲಿಲ್ಲ, ಜೊತೆಗೆ ನಿಂತಲ್ಲೇ ಎಂಜಿನ್ ನಡುಗುವುದೂ ಸೇರಿಕೊಂಡಿತ್ತು.

“ಒಂದೇ ಎಂಜಿನ್ ಅಲ್ವಾ, ಕೂತ್ಕೊಳ್ಳುತ್ತೆ” ಎಂಬ ಮಾತನ್ನು ನಾನು ವರ್ಷಕ್ಕೆ ಎಷ್ಟೋ ಸಲ ಕೇಳುತ್ತೇನೆ. ಭಾಗವು ತನ್ನ ಜಾಗದಲ್ಲಿ ಕೂತುಕೊಳ್ಳುವುದು ಬೇರೆ, ಆ ಕಾರಿಗೆ ಹೊಂದುವುದು ಬೇರೆ. ಹಲವು ಕಂಪನಿಗಳು ಹಂಚಿಕೊಂಡ ಎಂಜಿನ್ನಿನಲ್ಲಿ ದೋಷ ಹುಡುಕುವವರು, ಎಂಜಿನ್ನಿಗೆ ಸೇರಿದ್ದು ಎಲ್ಲಿ ಮುಗಿಯುತ್ತದೆ, ಕಾರಿಗೆ ಸೇರಿದ್ದು ಎಲ್ಲಿ ಶುರುವಾಗುತ್ತದೆ ಎಂಬ ಗಡಿಯನ್ನು ಮೊದಲೇ ಮನಸ್ಸಿನಲ್ಲಿ ಗುರುತು ಹಾಕಿಕೊಂಡಿರಬೇಕು. ಆ ಗಡಿ ಗೊತ್ತಿದ್ದರೆ ಹಂಚಿಕೆಯ ಎಂಜಿನ್ ದೊಡ್ಡ ಅನುಕೂಲ. ಗೊತ್ತಿಲ್ಲದಿದ್ದರೆ ಒಂದು ದೋಷ ಎರಡಾಗುತ್ತದೆ. ನಮ್ಮ ಜಿಲ್ಲೆಯ ಗ್ಯಾರೇಜುಗಳಿಗೆ ಅತಿ ಹೆಚ್ಚು ಬರುವ 1.3 ಲೀಟರ್ ಮಲ್ಟಿಜೆಟ್ ಡೀಸೆಲನ್ನೇ ಇಟ್ಟುಕೊಂಡು, ಎಳೆತ ಕಡಿಮೆಯಾಗುವ ದೂರನ್ನು ಯಾವ ಕ್ರಮದಲ್ಲಿ ಪರೀಕ್ಷಿಸಬೇಕೆಂದು ಇಲ್ಲಿ ವಿವರಿಸುತ್ತೇನೆ.

ಕೈಯಲ್ಲಿರುವುದು ಯಾವ ಎಂಜಿನ್

ಫಿಯೆಟ್ ರೂಪಿಸಿದ ಈ ಎಂಜಿನ್ 2003ರಲ್ಲಿ ಪೋಲೆಂಡಿನಲ್ಲಿ ತಯಾರಾಗತೊಡಗಿತು. 1,248 ಸಿಸಿ, 4 ಸಿಲಿಂಡರ್, 16 ವಾಲ್ವ್, 69.6 ಮಿ.ಮೀ. ಬೋರ್, 82 ಮಿ.ಮೀ. ಸ್ಟ್ರೋಕ್, ಕ್ಯಾಮ್ ಶಾಫ್ಟುಗಳನ್ನು ತಿರುಗಿಸುವುದು ಬೆಲ್ಟ್ ಅಲ್ಲ, ಚೈನ್. ನಮ್ಮ ದೇಶದಲ್ಲಿ ಇದೇ ಎಂಜಿನ್ 2007ರಲ್ಲಿ ಮಾರುತಿ ಸ್ವಿಫ್ಟ್‌ಗೆ ಡಿಡಿಐಎಸ್ ಎಂಬ ಹೆಸರಿನಲ್ಲಿ, 2008ರಲ್ಲಿ ಟಾಟಾ ಇಂಡಿಕಾ ವಿಸ್ತಾಕ್ಕೆ ಕ್ವಾಡ್ರಾಜೆಟ್ ಎಂಬ ಹೆಸರಿನಲ್ಲಿ ಬಂದಿತು. ಫಿಯೆಟ್‌ನ ಲಿನಿಯಾ ಮತ್ತು ಪುಂಟೊಗಳಲ್ಲಿ ಅದು ಮಲ್ಟಿಜೆಟ್. ಷೆವರ್ಲೆ ಸೈಲ್ ಮತ್ತು ಎಂಜಾಯ್‌ಗಳಲ್ಲಿ ಸ್ಮಾರ್ಟೆಕ್. ಒಂದು ಸಿಲಿಂಡರ್ ಕಡಿಮೆ ಮಾಡಿ ಇದೇ ವಿನ್ಯಾಸದಿಂದ ಪಡೆದ 936 ಸಿಸಿ ಎಂಜಿನ್ ಷೆವರ್ಲೆ ಬೀಟ್ ಡೀಸೆಲ್‌ನಲ್ಲಿತ್ತು. ಪುಣೆ ಬಳಿಯ ರಂಜನಗಾಂವ್ ಮತ್ತು ಹರಿಯಾಣದ ಮಾನೇಸರ್, ಈ ಎರಡೂ ಕಡೆ ಇದು ತಯಾರಾಗುತ್ತಿತ್ತು. 2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ (ಬಿಎಸ್) ನಿಯಮಗಳ ಆರನೇ ಹಂತವಾದ ಬಿಎಸ್ 6 ಬಂದಾಗ ಇದರ ಕಾಲ ಮುಗಿಯಿತು. ಮಾರುತಿ ಆಗ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಷೆವರ್ಲೆ ಕಾರುಗಳ ಮಾರಾಟ ದೇಶದಲ್ಲಿ 2017ರ ಕೊನೆಗೇ ನಿಂತಿತ್ತು. ಹಾಗಾಗಿ ಷೆವರ್ಲೆ, ಫಿಯೆಟ್ ಕಾರು ಇಟ್ಟುಕೊಂಡವರಿಗೆ ಎಂಜಿನ್ನಿನ ಭಾಗ ಬೇಕಾದಾಗ ಮಾರುತಿ, ಟಾಟಾ ಕಾರುಗಳ ಬಿಡಿಭಾಗದ ಅಂಗಡಿಯೇ ಗತಿ. ಈ ವಿಷಯವನ್ನು ಇಷ್ಟು ವಿವರವಾಗಿ ಬರೆಯಲು ಮುಖ್ಯ ಕಾರಣವೇ ಅವರು.

ಮೊದಲು ಗಮನಿಸಬೇಕಾದದ್ದು ಎಂಜಿನ್ನಿನ ಎರಡು ರೂಪಗಳನ್ನು. 75 ಪಿಎಸ್ ಶಕ್ತಿಯ, 190 ನ್ಯೂಟನ್ ಮೀಟರ್ ತಿರುಚುಬಲದ ರೂಪ ಸ್ವಿಫ್ಟ್, ಡಿಜೈರ್, ರಿಟ್ಜ್ ಮೊದಲಾದ ಕಾರುಗಳಲ್ಲಿದೆ. 90 ಪಿಎಸ್ ಶಕ್ತಿಯ, 200 ನ್ಯೂಟನ್ ಮೀಟರ್ ರೂಪ ಎಸ್‌ಎಕ್ಸ್4, ಎರ್ಟಿಗಾ, ಮಾಂಜಾ, ವಿಟಾರಾ ಬ್ರೆಜಾ ಮುಂತಾದವುಗಳಲ್ಲಿದೆ. ಟಾಟಾ ಜೆಸ್ಟ್‌ನಂತೆ ಒಂದೇ ಮಾದರಿಯೊಳಗೆ ಎರಡೂ ರೂಪಗಳು ಇದ್ದದ್ದುಂಟು. ಇವುಗಳ ನಡುವಿನ ಮುಖ್ಯ ವ್ಯತ್ಯಾಸ, ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊದಲ್ಲಿದೆ. 75ರ ಟರ್ಬೊದಲ್ಲಿ ರೆಕ್ಕೆಗಳು ಸ್ಥಿರವಾಗಿದ್ದು, ಒತ್ತಡ ಹೆಚ್ಚಾದಾಗ ಹೊರಬಿಡುವ ವೇಸ್ಟ್‌ಗೇಟ್ ಇರುತ್ತದೆ. 90ರ ಟರ್ಬೊದಲ್ಲಿ ಒಳಗಿನ ರೆಕ್ಕೆಗಳ ಕೋನವೇ ಬದಲಾಗುತ್ತದೆ, ಅದನ್ನು ವ್ಯಾಕ್ಯೂಮ್‌ನಿಂದ ನಡೆಸುತ್ತಾರೆ. ಹೊರಗೆ ಬರೆದ ಹೆಸರನ್ನು ನಂಬದೆ ಗುರುತಿಸಲು ಸುಲಭದ ದಾರಿಯೊಂದಿದೆ. ಎಂಜಿನ್ ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಟರ್ಬೊವನ್ನು ನಿಯಂತ್ರಿಸುವ ಆಕ್ಚುಯೇಟರಿನ ಕಡ್ಡಿಯನ್ನು ನೋಡಬೇಕು. 90ರಲ್ಲಿ ವ್ಯಾಕ್ಯೂಮ್ ಸಿಕ್ಕ ಕೂಡಲೇ ಕಡ್ಡಿ ಒಳಗೆಳೆದುಕೊಳ್ಳುತ್ತದೆ, 75ರಲ್ಲಿ ಅಲುಗುವುದಿಲ್ಲ.

ಎರಡನೆಯ ಸಂಗತಿ ನಮ್ಮ ಊರಿಗೇ ವಿಶೇಷವಾದದ್ದು, ಇದನ್ನು ಮರೆತು ನಾನೂ ಒಮ್ಮೆ ಎರಡು ದಿನ ಕಳೆದಿದ್ದೇನೆ. 2010ರ ಏಪ್ರಿಲ್‌ನಿಂದ ದೇಶದ 13 ನಗರಗಳಲ್ಲಿ ಬಿಎಸ್ 4 ನಿಯಮ ಜಾರಿಗೆ ಬಂದಾಗ ಬೆಂಗಳೂರು ಆ ಪಟ್ಟಿಯಲ್ಲಿತ್ತು, ಎಪ್ಪತ್ತು ಕಿಲೋಮೀಟರ್ ದೂರದ ತುಮಕೂರು ಇರಲಿಲ್ಲ. ದೇಶಕ್ಕೆಲ್ಲ ಬಿಎಸ್ 4 ಕಡ್ಡಾಯವಾದದ್ದು 2017ರ ಏಪ್ರಿಲ್ 1ರಿಂದ. ಆದ್ದರಿಂದ ಆ ನಡುವಿನ ವರ್ಷಗಳಲ್ಲಿ ಕೆಎ 06, ಕೆಎ 44 ಅಥವಾ ಕೆಎ 64 ಸಂಖ್ಯೆಯಲ್ಲಿ ನೋಂದಣಿಯಾದ ಕಾರು ಬಿಎಸ್ 3 ಆಗಿದ್ದು, ಅದೇ ವರ್ಷ, ಅದೇ ಮಾದರಿ, ಅದೇ ಬಣ್ಣದ ಬೆಂಗಳೂರು ನೋಂದಣಿಯ ಕಾರು ಬಿಎಸ್ 4 ಆಗಿರುವ ಸಾಧ್ಯತೆ ಉಂಟು. ಇಂಜೆಕ್ಟರ್, ಇಜಿಆರ್ (ಹೊರಹೋಗುವ ಹೊಗೆಯಲ್ಲಿ ಸ್ವಲ್ಪವನ್ನು ಎಂಜಿನ್ನಿಗೆ ಮರಳಿಸುವ ವಾಲ್ವ್) ಮತ್ತು ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಇವು ನಿಯಮಕ್ಕೆ ತಕ್ಕಂತೆ ಬದಲಾಗುವ ಭಾಗಗಳು. ಒಂದೇ ಕಂಪನಿಯ ಎರಡು ಕಾರುಗಳ ನಡುವೆಯೇ ಹೀಗಿದ್ದರೆ, ಎರಡು ಕಂಪನಿಗಳ ನಡುವೆ ಇನ್ನಷ್ಟು ಎಚ್ಚರ ಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ಮತ್ತು ಎಂಜಿನ್ ಸಂಖ್ಯೆಗಳನ್ನು ಓದಿ ಬರೆದಿಟ್ಟುಕೊಂಡ ಮೇಲೆಯೇ ಬಾನೆಟ್ ಎತ್ತುವುದು ಒಳ್ಳೆಯ ಅಭ್ಯಾಸ. ಮಾರುತಿ ಕಾರಿನಲ್ಲಿ ಈ ಎಂಜಿನ್ನಿನ ಸಂಖ್ಯೆ ಡಿ13ಎ ಎಂದು ಆರಂಭವಾಗುತ್ತದೆ.

ಇನ್ನು ಗಡಿಯ ವಿಚಾರ. ಬ್ಲಾಕ್, ಹೆಡ್, ಕ್ರ್ಯಾಂಕ್, ಪಿಸ್ಟನ್, ಚೈನ್ ಇವು ಎಂಜಿನ್ನಿನ ಸ್ವಂತ ಸೊತ್ತು. ಇವುಗಳ ಸ್ವಭಾವ ಯಾವ ಕಾರಿನಲ್ಲಿದ್ದರೂ ಒಂದೇ. ಏರ್ ಫಿಲ್ಟರ್ ಡಬ್ಬಿ, ಇಂಟರ್‌ಕೂಲರ್ (ಟರ್ಬೊದಿಂದ ಬಂದ ಬಿಸಿ ಗಾಳಿಯನ್ನು ತಣಿಸುವ ಭಾಗ) ಮತ್ತು ಅದರ ಹೋಸ್‌ಗಳು, ಡೀಸೆಲ್ ಫಿಲ್ಟರ್ ಕೂರುವ ಜಾಗ, ಟ್ಯಾಂಕಿನಿಂದ ಫಿಲ್ಟರಿನವರೆಗಿನ ಪೈಪು, ಗೇರ್ ಬಾಕ್ಸ್, ಕ್ಲಚ್, ಸೈಲೆನ್ಸರ್, ವೈರಿಂಗ್, ಅರ್ಥಿಂಗ್, ಬೇರೆ ಕೀಲಿಗೆ ಎಂಜಿನ್ ಚಾಲೂ ಆಗದಂತೆ ತಡೆಯುವ ಇಮೊಬಿಲೈಸರ್ ಇವೆಲ್ಲ ಕಾರಿನ ಕಂಪನಿಯವು. ಇಂಜೆಕ್ಟರ್, ಟರ್ಬೊ, ಸೆನ್ಸರ್ ಮತ್ತು ಇಸಿಯು ನಡುವೆ ನಿಲ್ಲುತ್ತವೆ. ನೋಡಲು ಒಂದೇ ಥರ ಇದ್ದು ಒಳಗೆ ಬೇರೆ ಆಗಿರುವ ಈ ಗುಂಪಿನಲ್ಲೇ ಹೆಚ್ಚಿನ ಎಡವಟ್ಟುಗಳು ಆಗುತ್ತವೆ.

ಸ್ಕ್ಯಾನರ್ ಹಾಕುವ ಮೊದಲು

ಎಳೆತ ಇಲ್ಲ ಎಂಬ ದೂರಿಗೆಲ್ಲ ಎಂಜಿನ್ ಕಾರಣವಲ್ಲ. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಮುಳ್ಳು ಮೇಲೇರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಓಡಿಸಿ ನಿಲ್ಲಿಸಿದ ಮೇಲೆ ಒಂದು ಚಕ್ರದ ಡಿಸ್ಕ್ ಮಾತ್ರ ಕೈ ಹತ್ತಿರ ಒಯ್ಯಲಾಗದಷ್ಟು ಕಾದಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಪಾವಗಡ, ಮಧುಗಿರಿ ಕಡೆಯ ಮಣ್ಣು ರಸ್ತೆಗಳಲ್ಲಿ ಓಡುವ ಗಾಡಿಯ ಏರ್ ಫಿಲ್ಟರನ್ನು ಕಿಲೋಮೀಟರ್ ಲೆಕ್ಕ ನೋಡದೆ ಕಣ್ಣಿನಿಂದಲೇ ನೋಡಬೇಕು. ಇವಕ್ಕೆ ಹತ್ತು ನಿಮಿಷ ಸಾಕು.

ಅದಕ್ಕಿಂತ ಮುಖ್ಯವಾದದ್ದು ಒಂದು ಪ್ರಶ್ನೆ: ದೂರು ಶುರುವಾಗುವ ಮೊದಲು ಏನನ್ನು ಬದಲಾಯಿಸಲಾಗಿತ್ತು, ಶುರುವಾದ ಮೇಲೆ ಏನನ್ನು ಬದಲಾಯಿಸಲಾಯಿತು, ಆ ಭಾಗ ಯಾವ ಕಾರಿನದು, ಬಿಚ್ಚಿದ ಹಳೆಯ ಭಾಗ ಎಲ್ಲಿದೆ. ಚಾಲಕರು ಇದನ್ನು ತಾವಾಗಿ ಹೇಳುವುದಿಲ್ಲ, ಬೈಗುಳ ಬರಬಹುದೆಂಬ ಹಿಂಜರಿಕೆ ಇರುತ್ತದೆ. ಸಮಾಧಾನವಾಗಿ ಕೇಳಿ ತಿಳಿದುಕೊಳ್ಳಬೇಕು. ಹಂಚಿಕೆಯ ಎಂಜಿನ್ನುಗಳಲ್ಲಿ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇಸಿಯು ದಾಖಲಿಸಿದ ದೋಷ ಸಂಕೇತಗಳನ್ನು ಓದುವ ಸ್ಕ್ಯಾನರ್ ಹಾಕುವಾಗ ಕಾರಿನ ಕಂಪನಿಯನ್ನೇ ಆರಿಸಬೇಕು, ಎಂಜಿನ್ ಒಂದೇ ಎಂದು ಪಕ್ಕದ ಕಂಪನಿಯ ಪಟ್ಟಿಗೆ ಹೋಗಬಾರದು. ಪಿ0 ಎಂದು ಆರಂಭವಾಗುವ ದೋಷ ಸಂಕೇತಗಳ ಅರ್ಥ ಎಲ್ಲ ಕಂಪನಿಗಳಿಗೂ ಸಮಾನ: ಪಿ0299 ಎಂದರೆ ಟರ್ಬೊ ಒತ್ತಡ ಕಡಿಮೆ, ಪಿ0087 ಎಂದರೆ ರೈಲ್ (ಎಲ್ಲ ಇಂಜೆಕ್ಟರುಗಳಿಗೂ ಡೀಸೆಲ್ ಹಂಚುವ ಕೊಳವೆ) ಒತ್ತಡ ಕಡಿಮೆ, ಪಿ0016 ಎಂದರೆ ಕ್ರ್ಯಾಂಕ್ ಮತ್ತು ಕ್ಯಾಮ್ ನಡುವಿನ ಹೊಂದಾಣಿಕೆ ತಪ್ಪಿದೆ. ಪಿ1 ಎಂದು ಆರಂಭವಾಗುವವು ಆಯಾ ಕಂಪನಿ ತನಗಾಗಿ ಇಟ್ಟುಕೊಂಡವು. ಒಂದು ಕಂಪನಿಯ ಪಿ1 ಸಂಕೇತದ ಅರ್ಥವನ್ನು ಅದೇ ಎಂಜಿನ್ ಇರುವ ಇನ್ನೊಂದು ಕಂಪನಿಯ ಕಾರಿಗೆ ಹಚ್ಚಿದರೆ ದಾರಿ ತಪ್ಪುವುದು ಖಂಡಿತ.

ಗಾಳಿಯ ದಾರಿ

ಕಪ್ಪು ಹೊಗೆಯ ಜೊತೆ ಎಳೆತ ಕಡಿಮೆ ಎಂದರೆ, ಒಳಗೆ ಹೋದ ಡೀಸೆಲ್ಲಿಗೆ ಸಾಕಾಗುವಷ್ಟು ಗಾಳಿ ಸಿಗುತ್ತಿಲ್ಲ. ಹಾಗಾಗಿ ಗಾಳಿಯ ದಾರಿಯಿಂದಲೇ ಆರಂಭಿಸಬೇಕು, ಅದರಲ್ಲೂ ಅತಿ ಅಗ್ಗದ ಭಾಗದಿಂದ. ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರ್ ಹೋಸ್‌ಗಳು ವರ್ಷಗಟ್ಟಲೆ ಬಿಸಿ ಮತ್ತು ಎಣ್ಣೆಯ ಹಬೆ ಕುಡಿದು ಮೆತ್ತಗಾಗುತ್ತವೆ. ಸೀಳು ಸಾಮಾನ್ಯವಾಗಿ ಕ್ಲ್ಯಾಂಪಿನ ಅಂಚಿನಲ್ಲಿ ಅಥವಾ ಬಾಗಿನ ಕೆಳಬದಿಯಲ್ಲಿ ಇರುತ್ತದೆ. ಮೇಲಿನಿಂದ ನೋಡಿದರೆ ಕಾಣುವುದಿಲ್ಲ, ನಿಂತ ಎಂಜಿನ್ನಿನಲ್ಲಿ ಮುಚ್ಚಿಕೊಂಡಿದ್ದು ಒತ್ತಡ ಬಂದಾಗ ಮಾತ್ರ ಬಾಯಿ ಬಿಡುತ್ತದೆ. ಹೋಸ್ ಹೊರಮೈ ಎಣ್ಣೆಯಿಂದ ಒದ್ದೆಯಾಗಿ ಧೂಳು ಅಂಟಿಕೊಂಡ ಜಾಗವೇ ಸುಳಿವು. ಸಂಶಯ ಬಂದರೆ ಒಂದು ತುದಿಯನ್ನು ಬಿರಡೆಯಿಂದ ಮುಚ್ಚಿ, ಇನ್ನೊಂದು ತುದಿಯಿಂದ ಕಂಪ್ರೆಸರ್ ಗಾಳಿಯನ್ನು 1 ಬಾರ್ ಮೀರದಂತೆ ಬಿಟ್ಟು, ಸೋಪಿನ ನೀರು ಸವರಿ ಗುಳ್ಳೆ ಬರುತ್ತದೆಯೇ ನೋಡಬೇಕು.

ಈ ಹೋಸ್‌ಗಳು ಕಾರಿನ ಕಂಪನಿಯವು ಎಂಬುದನ್ನು ಇಲ್ಲಿ ನೆನಪಿಡಬೇಕು. ಇಂಟರ್‌ಕೂಲರ್ ಇರುವ ಜಾಗ, ಬಾಗು, ಉದ್ದ ಎಲ್ಲವೂ ಬೇರೆ. ಪಕ್ಕದ ಕಾರಿನ ಹೋಸನ್ನು ಕತ್ತರಿಸಿ ಜೋಡಿಸಿದರೆ ಅದು ಫ್ಯಾನ್ ಹೌಸಿಂಗಿಗೋ ಪುಲ್ಲಿಗೋ ಉಜ್ಜಿ ಆರು ತಿಂಗಳಲ್ಲಿ ತೂತಾಗುತ್ತದೆ.

ಮುಂದಿನದು ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್. ಇಲ್ಲಿ ನಮ್ಮ ಊರಿನ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಕೀಲಿ ಆನ್ ಮಾಡಿ ಎಂಜಿನ್ ಚಾಲೂ ಮಾಡದಿದ್ದಾಗ ಈ ಸೆನ್ಸರ್ ಹೊರಗಿನ ವಾಯುಭಾರವನ್ನೇ ತೋರಿಸಬೇಕು. ಪುಸ್ತಕದಲ್ಲಿ 1,013 ಮಿಲಿಬಾರ್ ಎಂದಿರುತ್ತದೆ, ಅದು ಸಮುದ್ರ ಮಟ್ಟದ ಲೆಕ್ಕ. ತುಮಕೂರು ಸಮುದ್ರ ಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಸರಿಯಾದ ಸೆನ್ಸರ್ ತೋರಿಸುವುದು ಸುಮಾರು 920 ಮಿಲಿಬಾರ್. 920 ಕಂಡು ಸೆನ್ಸರ್ ಕೆಟ್ಟಿದೆ ಎಂದು ತೀರ್ಮಾನಿಸಿ ಹೊಸದು ಹಾಕಿದವರನ್ನು ನಾನು ಕಂಡಿದ್ದೇನೆ. ಹೊಸದೂ 920 ತೋರಿಸಿದಾಗ ಇಸಿಯು ಮೇಲೆ ಅನುಮಾನ ಹೋಗುತ್ತದೆ. ಇದೇ ಸಂಗತಿ ಒಳ್ಳೆಯ ಪರೀಕ್ಷೆಯೂ ಆಗುತ್ತದೆ. ದೇವರಾಯನದುರ್ಗದ ಬೆಟ್ಟದ ಮೇಲೆ ಹೋಗಿ ಎಂಜಿನ್ ಆರಿಸಿ, ಕೀಲಿ ಮಾತ್ರ ಆನ್ ಮಾಡಿ ನೋಡಿದರೆ ಓದುವಿಕೆ ಕೆಳಗಿನದಕ್ಕಿಂತ ಸುಮಾರು 40 ಮಿಲಿಬಾರ್ ಇಳಿದಿರಬೇಕು. ಇಳಿಯದೆ ಒಂದೇ ಅಂಕೆಗೆ ಅಂಟಿಕೊಂಡಿದ್ದರೆ ಸೆನ್ಸರಿನ ಬಾಯಿಗೆ ಇಂಗಾಲದ ಮಸಿ ಕಟ್ಟಿದೆ. ಬಿಚ್ಚಿ ಸೂಕ್ತ ಕ್ಲೀನರ್‌ನಿಂದ ತೊಳೆದು ಒಣಗಿಸಿದರೆ ಅನೇಕ ಸಲ ಸರಿಹೋಗುತ್ತದೆ. ಕಡ್ಡಿ ಹಾಕಿ ಕೆರೆಯಬಾರದು.

ಗಾಳಿಯ ಪ್ರಮಾಣ ಅಳೆಯುವ ಏರ್‌ಫ್ಲೋ ಸೆನ್ಸರ್ ಹಂಚಿಕೆಯ ಎಂಜಿನ್ನಿನಲ್ಲಿ ನಿಜವಾದ ಬಲೆ. ಸೆನ್ಸರಿನ ತಲೆ ಮತ್ತು ಪ್ಲಗ್ ಎರಡು ಕಂಪನಿಗಳ ಕಾರಿನಲ್ಲಿ ಒಂದೇ ಥರ ಇರಬಹುದು. ಆದರೆ ಅದು ಕೂರುವ ಕೊಳವೆ ಏರ್ ಫಿಲ್ಟರ್ ಡಬ್ಬಿಗೆ ಹೊಂದಿಕೊಂಡದ್ದು, ಅದರ ವ್ಯಾಸ ಬೇರೆಯಾದರೆ ಒಳಹೋಗುವ ಗಾಳಿ ಅಷ್ಟೇ ಇದ್ದರೂ ಓದುವಿಕೆ ಬದಲಾಗುತ್ತದೆ. ಎಂಜಿನ್ ಚೆನ್ನಾಗಿಯೇ ಉಸಿರಾಡುತ್ತಿದ್ದರೂ ಇಸಿಯು ಗಾಳಿ ಕಡಿಮೆ ಎಂದು ಭಾವಿಸಿ ಡೀಸೆಲ್ ಕಡಿತ ಮಾಡುತ್ತದೆ. ಹೊಗೆ ಇಲ್ಲದೆ ಎಳೆತ ಮಾತ್ರ ಕಡಿಮೆಯಾಗಿದ್ದರೆ ಈ ಸೆನ್ಸರಿನ ಮೇಲಿನ ಸಂಖ್ಯೆಯನ್ನು ಓದಿ, ಅದು ಈ ಕಾರಿನದೇ ಎಂದು ಖಚಿತಪಡಿಸಿಕೊಳ್ಳಬೇಕು.

ಇಜಿಆರ್ ವಾಲ್ವ್ ತೆರೆದ ಸ್ಥಿತಿಯಲ್ಲೇ ಮಸಿಯಿಂದ ಕಚ್ಚಿಕೊಂಡರೂ ಕಪ್ಪು ಹೊಗೆ, ಜರ್ಕ್ ಮತ್ತು ನಿಧಾನ ಎಳೆತ ಬರುತ್ತವೆ. ಊರೊಳಗೇ ಓಡುವ ಗಾಡಿಗಳಲ್ಲಿ ಇದು ಹೆಚ್ಚು. ಬಿಚ್ಚಿ ಶುಚಿಮಾಡಿ ನೋಡಿದರೆ ತಿಳಿಯುತ್ತದೆ.

ಇಷ್ಟೆಲ್ಲ ಸರಿಯಿದ್ದ ಮೇಲೆಯೇ ಟರ್ಬೊದ ಸರದಿ. ಸಹಾಯಕರೊಬ್ಬರನ್ನು ಪಕ್ಕದಲ್ಲಿ ಕೂರಿಸಿ, ಸ್ಕ್ಯಾನರಿನಲ್ಲಿ ಇಸಿಯು ಬಯಸುವ ಒತ್ತಡ ಮತ್ತು ನಿಜವಾಗಿ ಇರುವ ಒತ್ತಡ ಎರಡನ್ನೂ ಒಟ್ಟಿಗೆ ತೆರೆದಿಟ್ಟು, ಏರಿನಲ್ಲಿ ಮೂರನೇ ಗೇರಿನಲ್ಲಿ 2,000ದಿಂದ 3,000 ಆರ್‌ಪಿಎಂವರೆಗೆ ಎಳೆಯಬೇಕು. ನಿಂತಲ್ಲೇ ಆಕ್ಸಿಲರೇಟರ್ ಒತ್ತಿದರೆ ಭಾರ ಬೀಳದ ಕಾರಣ ಟರ್ಬೊದ ನಿಜವಾದ ಸ್ಥಿತಿ ತಿಳಿಯುವುದಿಲ್ಲ. ದೇವರಾಯನದುರ್ಗದ ರಸ್ತೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ತಿರುವುಗಳು ಕಡಿದಾಗಿವೆ, ಕೋತಿಗಳು ಅಡ್ಡ ಬರುತ್ತವೆ. ಓಡಿಸುವವರು ಪರದೆಯತ್ತ ಕಣ್ಣು ಹಾಯಿಸಬಾರದು. ಎರಡು ಓದುವಿಕೆಗಳ ನಡುವೆ 200 ಮಿಲಿಬಾರ್‌ಗಿಂತ ಹೆಚ್ಚಿನ ಅಂತರ ಎಳೆತದುದ್ದಕ್ಕೂ ಉಳಿದರೆ ಮಾತ್ರ ನಾನು ಟರ್ಬೊ ಕಡೆ ಕೈ ಹಾಕುತ್ತೇನೆ. 90 ಪಿಎಸ್ ರೂಪದಲ್ಲಿ ಟರ್ಬೊ ಬಿಚ್ಚುವ ಮೊದಲು ತೆಳ್ಳಗಿನ ವ್ಯಾಕ್ಯೂಮ್ ಪೈಪುಗಳನ್ನು ಮತ್ತು ಅವುಗಳ ನಡುವಿನ ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವನ್ನು ಕೈಪಂಪಿನಿಂದ ಪರೀಕ್ಷಿಸುವುದು ಕಡ್ಡಾಯ, ಏಕೆಂದರೆ ಒಂದು ಪೈಪು ಬಿರುಕು ಬಿಟ್ಟರೂ ಟರ್ಬೊ ಸತ್ತಂತೆಯೇ ವರ್ತಿಸುತ್ತದೆ.

ಡೀಸೆಲ್ ದಾರಿ

ಹೊಗೆ ಇಲ್ಲದೆ ಎಳೆತ ಕಡಿಮೆಯಾಗಿದ್ದರೆ, ಭಾರ ಬಿದ್ದಾಗ ಎಂಜಿನ್ ತಟ್ಟನೆ ಆರಿದರೆ, ಅಥವಾ ಸೆಲ್ಫ್ ಬಹಳ ಹೊತ್ತು ಹೊಡೆಯಬೇಕಾದರೆ ಡೀಸೆಲ್ ದಾರಿಯನ್ನು ಹಿಡಿಯಬೇಕು. ಒಂದು ಎಚ್ಚರಿಕೆಯನ್ನು ಮೊದಲೇ ಹೇಳುತ್ತೇನೆ. ಈ ಎಂಜಿನ್ನಿನ ರೈಲಿನಲ್ಲಿ ಒತ್ತಡ 1,400ರಿಂದ 1,600 ಬಾರ್‌ವರೆಗೆ ಏರುತ್ತದೆ. ಹಳೆಯ ಡೀಸೆಲ್ ಗಾಡಿಗಳಲ್ಲಿ ಮಾಡುತ್ತಿದ್ದಂತೆ ಚಾಲೂ ಇರುವ ಎಂಜಿನ್ನಿನಲ್ಲಿ ನಾಜಲ್ ಪೈಪಿನ ನಟ್ ಸಡಿಲಿಸಿ ಯಾವ ಸಿಲಿಂಡರ್ ಮಿಸ್ಸಿಂಗ್ ಎಂದು ನೋಡಲು ಎಂದಿಗೂ ಹೋಗಬಾರದು. ಆ ಒತ್ತಡದ ಡೀಸೆಲ್ ಚರ್ಮವನ್ನು ಸೀಳಿ ಒಳಹೊಕ್ಕುತ್ತದೆ, ಗಾಯ ಚಿಕ್ಕದಾಗಿ ಕಂಡರೂ ಕೈ ಕಳೆದುಕೊಳ್ಳುವ ಅಪಾಯವಿದೆ. ಎಂಜಿನ್ ಆರಿಸಿ, ಒತ್ತಡ ಇಳಿಯಲು ಸಮಯ ಕೊಟ್ಟು, ಆಮೇಲೆಯೇ ಪೈಪಿಗೆ ಸ್ಪ್ಯಾನರ್ ಹಾಕಬೇಕು.

ಬಿಸಿಯಾದ ಎಂಜಿನ್ ನಿಂತಲ್ಲಿ ಓಡುವಾಗ ರೈಲ್ ಒತ್ತಡ ಸಾಮಾನ್ಯವಾಗಿ 250ರಿಂದ 350 ಬಾರ್ ನಡುವೆ ಇರುತ್ತದೆ. ಸೆಲ್ಫ್ ಹೊಡೆಯುವಾಗ 200 ಬಾರ್‌ನ ಆಸುಪಾಸಿಗೂ ಏರದಿದ್ದರೆ ಎಂಜಿನ್ ಹಿಡಿಯುವುದು ಕಷ್ಟ. ಅಂಕೆಗಿಂತಲೂ ಮುಖ್ಯವಾದದ್ದು, ಭಾರ ಬಿದ್ದಾಗ ಬಯಸಿದ ಒತ್ತಡವನ್ನು ನಿಜವಾದ ಒತ್ತಡ ಹಿಂಬಾಲಿಸುತ್ತದೆಯೇ ಎಂಬುದು. ಹಿಂದೆ ಬೀಳುತ್ತಿದ್ದರೆ ಮೊದಲು ಫಿಲ್ಟರ್ ನೋಡಬೇಕು: ನೀರು ಬಸಿದು ಒಂದು ಗಾಜಿನ ಲೋಟದಲ್ಲಿ ಹಿಡಿದರೆ ಡೀಸೆಲ್ ಕೆಳಗೆ ನೀರಿನ ಪದರ ನಿಂತದ್ದು ಕಾಣುತ್ತದೆ. ಟ್ಯಾಂಕಿನಿಂದ ಡೀಸೆಲ್ ತರುವ ವ್ಯವಸ್ಥೆ ಕಾರಿನ ಕಂಪನಿಯದು ಎಂಬುದನ್ನು ಮರೆಯದೆ, ಈ ಕಾರಿನಲ್ಲಿ ಟ್ಯಾಂಕಿನೊಳಗೆ ವಿದ್ಯುತ್ ಪಂಪ್ ಇದೆಯೇ ಇಲ್ಲವೇ ಎಂದು ನೋಡಿಯೇ ಮುಂದುವರಿಯಬೇಕು.

ಫಿಲ್ಟರ್ ಸರಿಯಿದ್ದರೆ ರಿಟರ್ನ್ ಟೆಸ್ಟ್. ನಾಲ್ಕೂ ಇಂಜೆಕ್ಟರುಗಳ ರಿಟರ್ನ್ ಪೈಪನ್ನು (ಉಳಿದ ಡೀಸೆಲ್ ಹಿಂದಕ್ಕೆ ಹೋಗುವ ಪೈಪು) ನಾಲ್ಕು ಒಂದೇ ಅಳತೆಯ ಬಾಟಲಿಗಳಿಗೆ ಬಿಟ್ಟು, ಎಂಜಿನ್ನನ್ನು ಎರಡು ಮೂರು ನಿಮಿಷ ನಿಂತಲ್ಲೇ ಓಡಿಸಿ ಹೋಲಿಸಬೇಕು. ಒಂದು ಬಾಟಲಿಯಲ್ಲಿ ಉಳಿದವುಗಳ ಎರಡರಷ್ಟು ಅಥವಾ ಅದಕ್ಕಿಂತ ಹೆಚ್ಚು ತುಂಬಿದರೆ ಆ ಇಂಜೆಕ್ಟರ್ ಒಳಗೆ ಸೋರುತ್ತಿದೆ. ನಾಲ್ಕೂ ಸಮವಾಗಿದ್ದು ಒತ್ತಡ ಮಾತ್ರ ಕಡಿಮೆಯಿದ್ದರೆ ಪಂಪ್ ಅಥವಾ ಅದರ ಮೇಲಿನ ನಿಯಂತ್ರಕ ವಾಲ್ವ್ ಕಡೆ ನೋಡಬೇಕು.

ಇಂಜೆಕ್ಟರ್ ಬದಲಾಯಿಸುವ ಸಂದರ್ಭ ಬಂದಾಗ ನಿಧಾನಿಸಬೇಕು. ಬಾಷ್ ಇಂಜೆಕ್ಟರುಗಳ ಮೈಮೇಲೆ 0 445 110 ಎಂದು ಆರಂಭವಾಗುವ 10 ಅಂಕೆಯ ಸಂಖ್ಯೆ ಇರುತ್ತದೆ. ಮೊದಲ ಏಳು ಅಂಕೆಗಳು ಅಸಂಖ್ಯಾತ ಕಾರುಗಳ ಇಂಜೆಕ್ಟರುಗಳಿಗೆ ಒಂದೇ. ನಿರ್ಧರಿಸುವುದು ಕೊನೆಯ ಮೂರು ಅಂಕೆಗಳು. ಡಬ್ಬಿಯ ಮೇಲೆ ಯಾವ ಕಾರಿನ ಹೆಸರಿದೆ ಎಂಬುದಕ್ಕೆ ನಾನು ಬೆಲೆ ಕೊಡುವುದಿಲ್ಲ. ಆ ಮೂರು ಅಂಕೆಗಳು ಬಿಚ್ಚಿದ ಇಂಜೆಕ್ಟರಿನ ಮೇಲಿನವೇ ಆಗಿದ್ದರೆ, ಅಥವಾ ತಯಾರಕರೇ ಅದರ ಬದಲಿಗೆಂದು ಕೊಟ್ಟ ಸಂಖ್ಯೆಯಾಗಿದ್ದರೆ, ಅದು ಯಾವ ಕಂಪನಿಯ ಕಾರಿನಿಂದ ಬಂದರೂ ಹಾಕಬಹುದು. ಅಲ್ಲದಿದ್ದರೆ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ. ಸಂಖ್ಯೆ ಹೊಂದಿದ ಮೇಲೂ ಕೆಲಸ ಮುಗಿಯುವುದಿಲ್ಲ. ಪ್ರತಿ ಇಂಜೆಕ್ಟರಿನ ತಲೆಯ ಮೇಲೆ ಅಕ್ಷರ ಮತ್ತು ಅಂಕೆಗಳ ಒಂದು ಸಂಕೇತ ಕೊರೆದಿರುತ್ತದೆ. ಆ ಒಂದು ಇಂಜೆಕ್ಟರ್ ತಯಾರಾದಾಗ ಅಳೆದ ಸೂಕ್ಷ್ಮ ವ್ಯತ್ಯಾಸ ಅದರಲ್ಲಿದ್ದು, ಅದನ್ನು ಸ್ಕ್ಯಾನರ್ ಮೂಲಕ ಇಸಿಯುಗೆ ಬರೆಯಬೇಕು. ಬರೆಯದಿದ್ದರೆ ಇಸಿಯು ಹಳೆಯ ಇಂಜೆಕ್ಟರಿನ ಲೆಕ್ಕದಲ್ಲೇ ಡೀಸೆಲ್ ಕೊಡುತ್ತದೆ, ಎಂಜಿನ್ ನಿಂತಲ್ಲಿ ನಡುಗುತ್ತದೆ. ಬಿಚ್ಚಿದಾಗಲೆಲ್ಲ ತಾಮ್ರದ ವಾಷರ್ ಹೊಸದೇ ಆಗಬೇಕು.

ಚೈನ್

ಬೆಳಿಗ್ಗೆ ಮೊದಲ ಸ್ಟಾರ್ಟಿನಲ್ಲಿ ಎಂಜಿನ್ನಿನ ಪಕ್ಕದಿಂದ ಸರಪಳಿ ಎಳೆದಂತೆ ಸದ್ದು ಬಂದು ಕೆಲವು ಕ್ಷಣಗಳಲ್ಲಿ ನಿಂತರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಎಂಜಿನ್ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಈ ಎಂಜಿನ್ನಿಗೆ ಹಿಡಿಯುವ ಆಯಿಲ್ ಸುಮಾರು 3 ಲೀಟರ್ ಮಾತ್ರ, ಅದರಲ್ಲಿ ಒಂದು ಲೀಟರ್ ಕಡಿಮೆಯಾದರೂ ಮೂರನೇ ಒಂದು ಭಾಗ ಹೋದಂತೆ. ಆಯಿಲ್ ಬದಲಾವಣೆಯನ್ನು ಮುಂದೂಡುತ್ತ ಬಂದ ಗಾಡಿಗಳಲ್ಲಿ ಚೈನ್ ಸವೆದು ಉದ್ದವಾಗಿ ಟೈಮಿಂಗ್, ಅಂದರೆ ವಾಲ್ವುಗಳು ತೆರೆದು ಮುಚ್ಚುವ ಹೊತ್ತು, ಹಿಂದೆ ಬೀಳುತ್ತದೆ. ಎಳೆತ ನಿಧಾನವಾಗಿ ಕುಗ್ಗುತ್ತದೆ, ಪಿ0016 ಬರಬಹುದು. ಹಲ್ಲು ಹಾರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ರಾಕರ್ ಆರ್ಮ್‌ಗಳು ಮುರಿಯುತ್ತವೆ. ಇದು ಎಂಜಿನ್ನಿನ ಒಳಗಿನ ವಿಚಾರವಾದ್ದರಿಂದ ಇಲ್ಲಿ ಕಂಪನಿಯ ಭೇದವಿಲ್ಲ. ಕ್ರ್ಯಾಂಕ್ ಮತ್ತು ಕ್ಯಾಮ್ ಶಾಫ್ಟುಗಳನ್ನು ಜಾಗದಲ್ಲಿ ಹಿಡಿಯುವ ಪಿನ್ನುಗಳ ಒಂದೇ ಟೂಲ್ ಸೆಟ್ ಈ ಎಲ್ಲ ಕಾರುಗಳಿಗೂ ಸಾಕು, ಒಂದು ಕಾರಿನಲ್ಲಿ ಕಲಿತ ಕೈ ಉಳಿದವುಗಳಿಗೂ ಒದಗುತ್ತದೆ. ಆ ಪಿನ್ನುಗಳಿಲ್ಲದೆ ಬಿಳಿ ಬಣ್ಣದ ಗುರುತು ಹಾಕಿ ಚೈನ್ ಕೂರಿಸುವವರ ಕೈಗೆ ಗಾಡಿ ಕೊಡಬಾರದು.

ತಂತಿ, ಇಸಿಯು ಮತ್ತು ಸಾಲದ ಭಾಗ

ಬಿಟ್ಟುಬಿಟ್ಟು ಬರುವ ದೋಷಗಳಿಗೆ ಅನೇಕ ಸಲ ಅರ್ಥಿಂಗೇ ಕಾರಣ. ಎಂಜಿನ್ನಿನಿಂದ ಬಾಡಿಗೆ ಬರುವ ಅರ್ಥಿಂಗ್ ಪಟ್ಟಿ ಎಲ್ಲಿ ಕಟ್ಟಿದೆ ಎಂಬುದು ಕಾರಿನಿಂದ ಕಾರಿಗೆ ಬೇರೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿಯಬಾರದು, ಸೆನ್ಸರಿಗೆ 5 ವೋಲ್ಟ್ ಪೂರೈಕೆ ಸಿಗಬೇಕು, ಸೆನ್ಸರಿನ ಅರ್ಥ್ ತಂತಿಗೂ ಬ್ಯಾಟರಿ ಮೈನಸ್‌ಗೂ ನಡುವೆ 0.1 ವೋಲ್ಟಿಗಿಂತ ಹೆಚ್ಚು ಕಾಣಬಾರದು.

ಇಸಿಯುವನ್ನು ಮಾತ್ರ ಪಕ್ಕದ ಕಾರಿನಿಂದ ತಂದು ಹಾಕಿ ನೋಡುವ ಯೋಚನೆ ಬೇಡ. ಅದು ಆ ಕಾರಿನ ಕೀಲಿಯೊಂದಿಗೆ ಜೋಡಿಯಾಗಿರುತ್ತದೆ, ಜೊತೆಗೆ ಅದರೊಳಗಿನ ಲೆಕ್ಕಗಳು ಆ ಕಾರಿನ ಟರ್ಬೊ, ಗೇರ್ ಬಾಕ್ಸ್, ತೂಕ ಮತ್ತು ಹೊಗೆ ನಿಯಮಕ್ಕೆ ಹೊಂದಿಸಿದವು.

ಹಾಗೆಂದು ಸಾಲದ ಭಾಗ ಹಾಕಿ ನೋಡುವುದೇ ತಪ್ಪಲ್ಲ. ಅಂಗಳದಲ್ಲಿ ಅದೇ ಎಂಜಿನ್ ಇರುವ ಇನ್ನೊಂದು ಕಂಪನಿಯ ಕಾರು ನಿಂತಿದ್ದರೆ ಅದು ಅಮೂಲ್ಯ ಸಹಾಯ. ರೈಲ್ ಒತ್ತಡ, ಆಯಿಲ್ ಒತ್ತಡ, ಚೈನಿನ ಸದ್ದು ಇವನ್ನು ಸರಿಯಿರುವ ಗಾಡಿಯಲ್ಲಿ ಕೇಳಿ, ಅಳೆದು ಹೋಲಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ, ಹೊಸಬರಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ದಾರಿಯೂ ಇಲ್ಲ. ಭಾಗವನ್ನೇ ಬಿಚ್ಚಿ ಹಾಕುವುದಾದರೆ ಸಂಖ್ಯೆ ಹೊಂದಬೇಕು, ಮಾಲೀಕರ ಒಪ್ಪಿಗೆ ಇರಬೇಕು, ಒಂದು ಸಲಕ್ಕೆ ಒಂದೇ ಭಾಗ ಬದಲಾಗಬೇಕು, ಗುಣವಾಗದಿದ್ದರೆ ಹಳೆಯದು ಕೂಡಲೇ ಹಿಂದಕ್ಕೆ ಹೋಗಬೇಕು. ಬೆಂಗಳೂರಿನ ಜೆ.ಸಿ. ರಸ್ತೆಗೆ ಬಿಡಿಭಾಗ ತರಲು ಹೋಗುವವರು ಚಾಸಿ ಸಂಖ್ಯೆಯ ಜೊತೆಗೆ ಹಳೆಯ ಭಾಗವನ್ನೂ ಕೈಯಲ್ಲಿ ಹಿಡಿದು ಹೋದರೆ ಎರಡನೇ ಸಲದ ಬಸ್ ಚಾರ್ಜ್ ಉಳಿಯುತ್ತದೆ.

ಬೇರೆ ಹಂಚಿಕೆಯ ಎಂಜಿನ್ನುಗಳಿಗೂ ಇದೇ ಕ್ರಮ ಸಲ್ಲುತ್ತದೆ, ವಿವರಗಳು ಮಾತ್ರ ಬೇರೆ. ಲೋಗನ್, ವೆರಿಟೊ, ಡಸ್ಟರ್, ಟೆರಾನೊ, ಸನ್ನಿಗಳಲ್ಲಿರುವ ರೆನೊದ 1,461 ಸಿಸಿ ಡೀಸೆಲ್‌ನಲ್ಲಿ ಚೈನ್ ಅಲ್ಲ, ಟೈಮಿಂಗ್ ಬೆಲ್ಟ್ ಇದೆ. ಅವಧಿಗೆ ಸರಿಯಾಗಿ ಅದನ್ನು ಬದಲಾಯಿಸಲೇಬೇಕು. ಡಸ್ಟರ್‌ನಲ್ಲಿ 85 ಪಿಎಸ್ ರೂಪಕ್ಕೆ 5 ಗೇರ್, 110 ಪಿಎಸ್ ರೂಪಕ್ಕೆ 6 ಗೇರ್ ಇರುವುದರಿಂದ ಗುರುತಿಸುವುದು ಸುಲಭ. ಜೀಪ್ ಕಂಪಾಸ್, ಟಾಟಾ ಹ್ಯಾರಿಯರ್, ಎಂಜಿ ಹೆಕ್ಟರ್ ಮೂರರಲ್ಲೂ ಇರುವ ಫಿಯೆಟ್‌ನ 1,956 ಸಿಸಿ ಡೀಸೆಲ್‌ಗೂ ಬೆಲ್ಟೇ. ಬಲೆನೊ ಮತ್ತು ಗ್ಲಾಂಜಾಗಳಂತೆ ಇಡೀ ಕಾರೇ ಹಂಚಿಕೆಯಾಗಿದ್ದರೆ ಗಡಿಯ ತೊಡಕು ಬಹುಮಟ್ಟಿಗೆ ಇಲ್ಲ.

ಶಿರಾದ ಆ ಟ್ಯಾಕ್ಸಿಯಲ್ಲಿ ಸಿಕ್ಕದ್ದು ಹೀಗೆ. ಪಿ0299 ದಾಖಲಾಗಿತ್ತು. ರೈಲ್ ಒತ್ತಡ ಎಲ್ಲ ಹಂತದಲ್ಲೂ ಸರಿಯಿತ್ತು. ಇಂಟರ್‌ಕೂಲರಿನಿಂದ ಮೇಲಕ್ಕೆ ಬರುವ ಹೋಸಿನ ಕೆಳಬದಿಯಲ್ಲಿ, ಕ್ಲ್ಯಾಂಪಿನ ಪಕ್ಕಕ್ಕೆ, ಹೆಬ್ಬೆರಳಿನಷ್ಟು ಉದ್ದದ ಸೀಳು ಇತ್ತು. ಸೋಪಿನ ನೀರು ಸವರಿದಾಗ ನೊರೆ ಉಕ್ಕಿ ಬಂದಿತು. ಹೊರಗಿನಿಂದ ತಂದು ಹಾಕಿದ್ದ ಇಂಜೆಕ್ಟರಿನ ಕೊನೆಯ ಮೂರು ಅಂಕೆಗಳು ಉಳಿದ ಮೂರು ಇಂಜೆಕ್ಟರುಗಳೊಂದಿಗೆ ಹೊಂದುತ್ತಿರಲಿಲ್ಲ, ಅದರ ಸಂಕೇತವನ್ನು ಇಸಿಯುಗೆ ಬರೆದೂ ಇರಲಿಲ್ಲ. ಚಾಲಕರ ಪುಣ್ಯಕ್ಕೆ ಹಳೆಯ ಇಂಜೆಕ್ಟರ್ ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲೇ ಇತ್ತು. ಹೊಸ ವಾಷರ್ ಹಾಕಿ ಅದನ್ನೇ ಹಿಂದಕ್ಕೆ ಕೂರಿಸಿ ರಿಟರ್ನ್ ಟೆಸ್ಟ್ ಮಾಡಿದಾಗ ನಾಲ್ಕೂ ಬಾಟಲಿ ಸಮ ಬಂದವು. ಇಸಿಯು ಒಳಗೆ ಅದರದೇ ಸಂಕೇತ ಉಳಿದಿದ್ದುದರಿಂದ ನಡುಕವೂ ನಿಂತಿತು. ಆ ಕಾರಿನದೇ ಹೋಸ್ ಮರುದಿನ ಬೆಂಗಳೂರಿನಿಂದ ಬಂದ ಮೇಲೆ ನಾಲ್ಕು ಜನ ಕೂತು ದೇವರಾಯನದುರ್ಗಕ್ಕೆ ಹೊರಟೆವು. ಬಯಸಿದ ಒತ್ತಡ ಮತ್ತು ಇರುವ ಒತ್ತಡ ಪರದೆಯ ಮೇಲೆ ಜೊತೆಜೊತೆಗೇ ಏರಿದವು, ಗಾಡಿ ಮೂರನೇ ಗೇರಿನಲ್ಲಿ ಹತ್ತಿತು.